ಮೂರನೇ ಹೆದ್ದಾರಿಯಲ್ಲಿ ಒಂದಕ್ಕೆ

ಕೊಮೊದೊರೊದಿಂದ ಗಯೆಗೋಸಿಗೆ
ಹತ್ತಿರ ಹತ್ತಿರ ಎಂಟುನೂರು ಕಿಲೊಮೀಟರು.
ಮರವಿಲ್ಲ, ಮರೆಯಿಲ್ಲ.
ಪಟಗೋನಿಯಾದ ಗಾಳಿಗೆ ನಾಚಿಕೆಯೂ ಇಲ್ಲ:
ಎತ್ತ ತಿರುಗಿ ನಿಂತರೂ
ನಿನ್ನ ನೀರನ್ನು ನಿನ್ನ ಷರಾಯಿಗೇ ತಂದು ಕೊಡುತ್ತದೆ.

ಇಪ್ಪತ್ತಾರು ವರ್ಷ ಇಲ್ಲಿ ಬಸ್ಸು ಬಿಟ್ಟಿದ್ದೇನೆ.
ಯಾವ ಬಂಕಿನ ಯಾವ ಬಾಗಿಲಿಗೆ ಚಿಲಕವಿಲ್ಲ
ಕಣ್ಣು ಮುಚ್ಚಿ ಹೇಳಬಲ್ಲೆ.
ಈಚೆಗೆ ರಾತ್ರಿಗೆ ಐದು ಸಲ ಒಂದಕ್ಕೆ.
‘ಇದೆಂಥ ಲೆಕ್ಕವಯ್ಯ’ ಎಂದು ನಗುತ್ತಾನೆ
ಪಾಳಿಯ ಜೊತೆಗಾರ ಎವಾರಿಸ್ತೊ.

ಇಳಿದು, ಹಿಂದಿನ ಚಕ್ರದ ಮಗ್ಗುಲಿಗೆ ನಿಂತು
ಕಾಯುತ್ತೇನೆ.
ಬರುವುದಿಲ್ಲ.
ಬಂದರೂ ಹೆಸರು ಮರೆತವನ ಮಾತಿನ ಹಾಗೆ
ಇಷ್ಟು, ತಡೆದು,
ಮತ್ತಿಷ್ಟು.
ಹತ್ತಿ ಕೂತು ಗೇರು ಹಾಕಿದ ಮೇಲೆ
ಇನ್ನೂ ಇದೆ ಅನ್ನುತ್ತದೆ.

ಡಾಕ್ಟರ್ ವೆರ್ನಿಕೆ ಹಾಳೆಯ ಮೇಲೆ ಒಂದು ನಾಳ ಬರೆದರು,
ಸುತ್ತ ಉಬ್ಬಿದ ಗ್ರಂಥಿ.
‘ಅಕ್ರೋಟಿನಷ್ಟಿರಬೇಕಿತ್ತು, ಸೆನ್ಯೋರ್ ಅಂತಿಪಾನ್,
ನಿಂಬೆಯನ್ನು ದಾಟಿದೆ. ಕ್ಯಾನ್ಸರ್ ಅಲ್ಲ. ವಯಸ್ಸು.’
ಹೊಟ್ಟೆ ಕುಯ್ಯಬೇಕಿಲ್ಲ,
ಬಂದ ದಾರಿಯಲ್ಲೇ ಒಳಗೆ ಹೋಗುತ್ತೇವೆ ಎಂದರು.
ದಾರಿ ಅಂದದ್ದೇ ನಾನು ನೆಟ್ಟಗೆ ಕೂತೆ.

ಎರಡು ಪಕ್ಕಗಳನ್ನೂ ದಾರದಿಂದ ಸೆಳೆದು
ಅತ್ತಿತ್ತ ಬಿಗಿದಿಡಬಹುದಂತೆ, ಅದೇ ದಿನ ಮನೆಗೆ.
ಕಿಟಕಿಯ ಪರದೆ ಕಟ್ಟಿದ ಹಾಗೆ, ಅಂದೆ;
ನನ್ನ ಬಸ್ಸಿನಲ್ಲಿ ನಲವತ್ತೆರಡಿವೆ, ಕೊಕ್ಕೆ ಕಳಚುತ್ತಲೇ ಇರುತ್ತವೆ.
ಅವರು ನಕ್ಕರು. ಆದರೆ ನನ್ನದು ನಡುವಿನಿಂದಲೂ ಬೆಳೆದು
ಮೂತ್ರಕೋಶದೊಳಕ್ಕೆ ನಾಲಗೆ ಚಾಚಿದೆ,
ಅದಕ್ಕೆ ಪರದೆ ಒಗ್ಗುವುದಿಲ್ಲ.

ಹಬೆಯಾದರೆ ಸೂಜಿಯ ಮೊನೆಯಿಂದ, ಒಂದೊಂದು ಕಡೆ ಒಂಬತ್ತು ಸೆಕೆಂಡು.
ಒಂಬತ್ತೇ? ಮಾತೆ ಕುಡಿಯುವ ನೀರೂ ಬೆಚ್ಚಗಾಗದು.
ಆಮೇಲೆ ಮಾತ್ರ ವಾರದ ತನಕ ಕೊಳವೆ, ತೊಡೆಗೊಂದು ಚೀಲ,
ತಾನಾಗಿ ಕುಗ್ಗುವವರೆಗೆ ತಿಂಗಳುಗಟ್ಟಲೆ ತಾಳ್ಮೆ.
ದೊಡ್ಡ ಊರುಗಳಲ್ಲಿ ನೀರಿನ ಚಿಮ್ಮಿನಿಂದಲೇ ಕೊರೆಯುತ್ತಾರಂತೆ:
ನೀರು ನಿಂತವನಿಗೆ ನೀರಿನದೇ ಉಳಿ!
ಲೇಸರೋ,
ಕಿತ್ತಳೆಯ ತೊಳೆಯನ್ನು ಸಿಪ್ಪೆಯಿಂದ ಬಿಡಿಸಿದಂತೆ ಪೂರ್ತಿ ಬಿಡಿಸುತ್ತದೆ;
ಮತ್ತೆ ಈ ಕೋಣೆಗೆ ಬರುವವರು ಬಹಳ ಕಡಿಮೆ.
‘ಆದರೆ’ ಎಂದು ಪೆನ್ನಿನ ಮುಚ್ಚಳ ಹಾಕಿದರು.

ನಾನು ಕೇಳಿದ್ದು, ಲಗೇಜು ಯಾವಾಗ ಎತ್ತಬಹುದು?
ಕೇಳದೆ ಉಳಿದದ್ದು ಸಾನ್ ಹುಲಿಯಾನಿನ ಟಿಕೆಟ್ ಕಿಂಡಿಯ ಹಿಂದೆ,
ಹಸಿರು ಸ್ವೆಟರಿನ ದೆಲ್ಮಿರಾ,
ಮೂರು ಚಳಿಗಾಲದ ಮಂಗಳವಾರಗಳು.
ಡಾಕ್ಟರು ಎರಡಕ್ಕೂ ಉತ್ತರಿಸಿದರು:
ಲೇಸರಿನ ನಂತರ ಹೊರಗೆ ಬರಬೇಕಾದದ್ದು
ಹೆಚ್ಚಿನವರಲ್ಲಿ ಹಿಂದಕ್ಕೆ ಸರಿಯುತ್ತದೆ. ಸುಖ ಸಾಮಾನ್ಯವಾಗಿ ಉಳಿಯುತ್ತದೆ.
ಹಬೆಯಲ್ಲಿ ಆ ಭಯ ಕಡಿಮೆ, ಮರಳಿ ಬರಬೇಕಾದೀತೆಂಬ ಭಯ ಜಾಸ್ತಿ.
‘ನಿಮಗೆ ಯಾವುದು ಮುಖ್ಯ?’

ಅರವತ್ತಮೂರು ವರ್ಷದಲ್ಲಿ ಈ ಪ್ರಶ್ನೆಯನ್ನು
ಹೀಗೆ ಮೇಜಿನ ಮೇಲೆ ಯಾರೂ ಇಟ್ಟಿರಲಿಲ್ಲ.

ದೆಲ್ಮಿರಾ ಕನ್ನಡಕ ಹಾಕಿಕೊಂಡು ಹಾಳೆಯನ್ನು
ತಲೆಕೆಳಗಾಗಿ ಹಿಡಿದು ಓದಿದಳು.
‘ಇದು ಏನು, ಬದನೆಕಾಯಿಯೇ?’
ಆಮೇಲೆ ಮೆಲ್ಲಗೆ:
‘ನೀನು ಹಾಸಿಗೆಯಲ್ಲಿ ಬೆಳಗಿನ ತನಕ ಇರಬೇಕು,
ಎದ್ದೆದ್ದು ಹೋಗಬಾರದು. ನನಗೆ ಬೇಕಾದ್ದು ಅಷ್ಟೇ.’

ಹಬೆ ಆಯಿತು. ಉರಿ ಆಯಿತು.
ಚೀಲ ತೊಡೆಗಂಟಿ ಆರು ದಿನ
ಕುಂಟು ಗ್ವನಾಕೋದಂತೆ ನಡೆದೆ.
ಎರಡು ವಾರ ಮೊದಲಿಗಿಂತ ಕೆಟ್ಟದಾಗಿತ್ತು,
ಮೋಸಹೋದೆ ಎಂದು ಎವಾರಿಸ್ತೊಗೆ ಫೋನು ಮಾಡಿ ಬೈದೆ,
ಅವನಿಗೇಕೆ ಬೈದೆನೋ.

ನಿನ್ನೆ ರಾತ್ರಿ, ಪಿಯೆದ್ರಬ್ವೆನಾ ದಾಟಿ,
ನಾನು ಯಾವಾಗಲೂ ನಿಲ್ಲಿಸುವ ಮೈಲಿಗಲ್ಲಿನ ಹತ್ತಿರ
ಕಾಲು ತಾನೇ ಬ್ರೇಕಿಗೆ ಹೋಯಿತು.
ಇಳಿದೆ.
ಬೇಕಿರಲಿಲ್ಲ.
ಗಾಳಿ, ನಕ್ಷತ್ರ, ಬಿಸಿ ಎಂಜಿನ್ನಿನ ವಾಸನೆ.

ಹದಿನಾಲ್ಕನೇ ಸೀಟಿನ ಮುದುಕ ನನ್ನ ಹಿಂದೆಯೇ ಇಳಿದು
ಹಿಂದಿನ ಚಕ್ರದ ಮಗ್ಗುಲಿಗೆ ಹೋಗಿ ನಿಂತ.
ಒಂದು ಕೈ ಬಸ್ಸಿನ ಮೈಗೆ ಆನಿಸಿ, ತಲೆ ತಗ್ಗಿಸಿ.
ವೇಳೆಗಿಂತ ಹನ್ನೊಂದು ನಿಮಿಷ ತಡವಾಗಿದ್ದೆವು.
ನಾನು ಹತ್ತಿ ಕೂತು
ಒಳಗಿನ ದೀಪ ಆರಿಸಿದೆ.
ಹಾರನ್ ಮುಟ್ಟಲಿಲ್ಲ.