ಛೇದ

ಮೇ ತಿಂಗಳ ವಿಜಯಪುರ. ನಲವತ್ತೆರಡು ಡಿಗ್ರಿ.
ಹತ್ತು ದಿನದ ಕೋರ್ಸು: ರೋಗ ಹರಡೂದರ ಲೆಕ್ಕ.
ಇಪ್ಪತ್ತೊಂಬತ್ತು ಮಂದಿ, ನಾಕು ಫ್ಯಾನು,
ಅದರಾಗ ಒಂದು ಬರೇ ಸಪ್ಪಳ ಮಾಡತದ.
ಎಂಬಿಬಿಎಸ್ ಮುಗಿಸಿದ ಹುಡುಗೂರ ನಡುವ ನಾನು,
ಹತ್ತೊಂಬತ್ತು ವರ್ಷದ ಹಳೇ ಎಎನ್‌ಎಂ.
ಚೀಲದಾಗ ಕಟಿರೊಟ್ಟಿ, ಶೇಂಗಾ ಹಿಂಡಿ,
ಮಗನಿಂದ ಇಸಕೊಂಡ ಕ್ಯಾಲ್ಕುಲೇಟರು, ಏಳರ ಗುಂಡಿ ಒತ್ತಿದರ ಒಮ್ಮೊಮ್ಮೆ ಎರಡು ಏಳು.

ಮೊದಲ ದಿನ ಕೌಜಲಗಿ ಮೇಡಮ್ಮು
ಬೋರ್ಡಿನ ಮ್ಯಾಲ ಒಂದು ಅಡ್ಡಗೆರಿ ಎಳದರು.
ಚಹಾ ಬರೂತನಕ ಅದೊಂದ ಗೆರಿ.
ಆಮ್ಯಾಲ ಅಂದರು:
ಗೆರಿ ಮ್ಯಾಲ ಬರಿಯೂದು ಎಲ್ಲಾರಿಗೂ ಬರತದ.
ಜ್ವರ ಬಂದವರು, ವಾಂತಿ ಆದವರು, ಸತ್ತವರು,
ಅಳೂ ದನಿ ಹಿಡದು ಹ್ವಾದರ ಸಿಗತಾರ.
ಕೆಳಗಿನವರನ್ನ ಎಣಿಸ್ರಿ. ಸುಮ್ಮನ ಇದ್ದವರನ್ನ.
ಛೇದ ಗೊತ್ತಿಲ್ಲದ ಅಂಶ ಬರೇ ಗದ್ದಲ.

ಮೂರನೇ ದಿನ ಸಂಜೀ ಮುಂದ ಗೋಳಗುಮ್ಮಟ.
ಸಿಂದಗಿಯ ಹೆಲ್ತ್ ಇನ್ಸ್‌ಪೆಕ್ಟರ್ ಬಂದೇನವಾಜ ಮುಲ್ಲಾ
ಮ್ಯಾಲಿನ ಗ್ಯಾಲರಿಯೊಳಗ ನಿಂತು ಡೆಂಗೀ ಅಂದ.
ಏಳು ಸಲ ಡೆಂಗೀ. ನಕ್ಕಿವಿ, ಆ ನಗೂನೂ ಏಳು ಸಲ.
ನಮ್ಮ ವರದಿನೂ ಹಿಂಗ ನೋಡ್ರಿ, ಅಂದ ಮುಲ್ಲಾ,
ಒಬ್ಬನ ಜ್ವರ, ಏಳು ಕಚೇರಿ.

ರಾತ್ರಿ ಹಾಸ್ಟೆಲಿನ ಮಾಳಗಿಗೆ ನೀರು ಚಿಮಕಿಸಿ
ಹಾಸಿಗಿ ಹಾಕಿ, ಡಾಕ್ಟರ ಹುಡುಗಿ ತಹಸೀನ
ನನಗ ವಿಚಲನೆ ತಿಳಿಸಿದಳು:
ನಿಮ್ಮ ಓಣ್ಯಾಗ ಎಲ್ಲಾರ ಮನಿ ರೊಟ್ಟಿ ಒಂದ ದಪ್ಪ ಇರತಾವೇನು?
ಇಲ್ಲಲ್ಲ. ಆ ಹೆಚ್ಚುಕಡಿಮಿನ ಅದು.
ನಾ ಆಕಿಗೆ ಕಲಿಸಿದ್ದು ಇಷ್ಟ:
ಕೂಸಿನ ನೆತ್ತಿ ಒಳಗ ಇಳದಿದ್ದರ
ಕೋಷ್ಟಕ ತೆಗೀಬ್ಯಾಡವ್ವಾ, ಮೊದಲ ಚಮಚ ತಗಿ.

ಎಂಟನೇ ದಿನ ಬಂತು ಆ ಪಾಠ.
ವರ್ಷಗಟ್ಟಲೆ ಬೆನ್ನುಹತ್ತಿ ನೋಡೂದ್ರಾಗ ಕೈ ತಪ್ಪಿದವರು.
ಅವರನ್ನ ಸತ್ತರು ಅಂತ ಬರೀಬಾರದು,
ಉಳದರು ಅಂತನೂ ಬರೀಬಾರದು,
ಇಳಿಯೂ ಗೆರಿ ಮ್ಯಾಲ ಒಂದು ಸಣ್ಣ ಕಡ್ಡಿ ಹಾಕಿ
ಮುಂದ ಹೋಗಬೇಕು.

ನನ್ನ ಪೆನ್ನು ಮುಂದ ಹೋಗಲಿಲ್ಲ.

ಬಾವಿಕಟ್ಟಿ ತಾಂಡಾದ ಝಮಕೂಬಾಯಿ
ಕಬ್ಬು ಕಡಿಯಾಕ ಕೊಲ್ಲಾಪುರದ ಕಡೆ ಟ್ರ್ಯಾಕ್ಟರು ಹತ್ತಿದಾಗ
ಉಡ್ಯಾಗ ಐದು ತಿಂಗಳ ಗಂಡುಕೂಸು.
ಸಂಕ್ರಮಣ ದಾಟಿದ ಮ್ಯಾಲ ಬರಿ ಉಡಿಲೆ ಇಳದಳು.
ಅಲ್ಲಿಯ ವಹಿಯೊಳಗ: ಹೊರಗಿನವರು.
ನನ್ನ ವಹಿಯೊಳಗ, ನನ್ನ ಅಕ್ಷರ, ನೀಲಿ ಶಾಯಿ:
ಊರಲ್ಲಿಲ್ಲ.
ಆ ವರ್ಷ ಶಿಶು ಮರಣ ಸೊನ್ನೆ ಅಂತ
ತಾಲೂಕಿನ ಸಭಾದಾಗ ನನಗ ಶಾಲು ಹೊಚ್ಚಿದರು.
ಶಾಲು ಟ್ರಂಕಿನಾಗದ. ನುಸಿಗುಳಿಗಿ ವಾಸನಿ.

ಕೈ ಎತ್ತಿ ಕೇಳಿದೆ: ಮೇಡಮ್ಮಾರ,
ಮ್ಯಾಲನೂ ಇಲ್ಲ, ಕೆಳಗನೂ ಇಲ್ಲ,
ಅಂಥಾ ಕೂಸು ಎಲ್ಲಿ ಬರತದ?
ಮುಲ್ಲಾ ನನ್ನ ಕಡೆ ತಿರುಗಿ ನೋಡಿದ.
ಮೇಡಮ್ಮು ಪುಸ್ತಕ ತೆರೀಲಿಲ್ಲ.
ಸುಣ್ಣದ ಕೈ ಸೀರಿಗೆ ಒರಸಿಕೊಂಡು
ಹೆಸರೇನು, ಅಂದರು.
ಇಟ್ಟಿರಲಿಲ್ರೀ.
ಹೋಳಿಯೊಳಗ ಇಡವರಿದ್ದರು.

ಹತ್ತನೇ ದಿನ ಪರೀಕ್ಷಾ. ನೂರಕ್ಕ ಐವತ್ತೆಂಟು.
ಪ್ರಮಾಣಪತ್ರ ಸುತ್ತಿ ರಬ್ಬರು ಹಾಕಿ
ತಿಕೋಟಾದ ಬಸ್ಸು ಹತ್ತಿದೆ.
ಕಂಡಕ್ಟರ ನನಗ ಸೊನ್ನೆ ರೂಪಾಯಿ ಟಿಕೀಟು ಹರದುಕೊಟ್ಟ,
ಸೊನ್ನೆ, ಆದರೂ ಲೆಕ್ಕಕ್ಕದ.
ಆಮ್ಯಾಲ ಬೆರಳಿಂದ ಗಾಳಿ ಚುಚಗೋತ ತಲಿ ಎಣಿಸಿ
ಐವತ್ತಾರು ಅಂತ ಹಾಳಿ ಮ್ಯಾಲ ಬರಕೊಂಡ.
ತೊಡಿ ಮ್ಯಾಲಿನವು? ಅಂದೆ.
ಅವು ಇದರಾಗ ಬರೂದಿಲ್ಲ ಅಕ್ಕಾರ, ಅಂದು
ಸೀಟಿ ಊದಿದ.

ಬಸ್ಸು ಹೊಂಟಿತು. ಹಿಂದಿನ ಸೀಟಿನಿಂದ ಸುರು ಮಾಡಿದೆ.
ಒಂದು, ನಿದ್ದಿಗಣ್ಣಿಂದು.
ಎರಡು, ಬಾಯಾಗ ಬಿಸ್ಕೀಟು.
ಮೂರು, ಇದು ಸೆರಗಿನೊಳಗದ,
ಕಾಲಷ್ಟ ಕಾಣತದ.