ಬೀಜ ಹೆಕ್ಕುತ್ತಿದ್ದೆ

ಗಾಬೆಸ್ ಊರಲ್ಲಿ ಜಿಲಾನಿ ಬೂಜಯ್ಯಾನನ ಕೈಯಿಂದ
ಯಾರೂ ಕಾಸು ಮುಟ್ಟುವುದಿಲ್ಲ.
ಕ್ಷೌರದವನು ಕತ್ತಿ ಒರೆಸುತ್ತ 'ಹೋಗಪ್ಪ' ಅನ್ನುತ್ತಾನೆ.
ಮೀನಿನ ಸಂತೆಯಲ್ಲಿ ಮಬ್ರೂಕಾ ಮುದುಕಿ
ತೂಕದ ಮೇಲೆ ಇನ್ನೂ ಒಂದು ಹಿಡಿ ಬೂತಾಯಿ ಸುರಿದು
ಗಂಡನನ್ನು ಬೈಯುವ ದನಿಯಲ್ಲೇ ಅವನನ್ನು ಹರಸುತ್ತಾಳೆ.
ಹಲ್ಲಿನ ಡಾಕ್ಟರು ಎರಡು ಕಿತ್ತು
ಒಂದನ್ನು ಕೇಳಿ ಇಟ್ಟುಕೊಂಡರಂತೆ.

ನನ್ನ ಕಾಫಿ ಅಂಗಡಿಯಲ್ಲೂ ಅಷ್ಟೇ.
ಹತ್ತು ಗಂಟೆಗೆ ಬರುತ್ತಾನೆ, ಎಡಗಾಲು ತುಸು ಎಳೆಯುತ್ತ,
ಹೌದು, ಆ ಎಡಗಾಲೇ.
ಗೋಡೆಯ ಫೋಟೋಕ್ಕೆ ಬೆನ್ನು ಹಾಕಿ ಕೂರುತ್ತಾನೆ.
ಫೋಟೋದಲ್ಲಿ ಇಪ್ಪತ್ತಮೂರು, ತಲೆ ತುಂಬ ಗುಂಗುರು,
ಹನ್ನೊಂದನೇ ನಂಬರಿನ ಅಂಗಿ ಅರ್ಧ ಹೊರಗೆ.
ಕುರ್ಚಿಯಲ್ಲಿ ಅರವತ್ತೊಂಬತ್ತು.

ನಮ್ಮ ಸ್ಟೇಡಿಯಂ ಆಗ ಎಂಟು ಸಾವಿರ ಜನ ಹಿಡಿಯುತ್ತಿತ್ತು.
ಆ ಗೋಲು ಕಂಡೆ ಎನ್ನುವವರನ್ನು ಕೂರಿಸುತ್ತ ಹೋದರೆ
ಸಮುದ್ರದ ದಡ ಸಾಲದು.
ಅಂದು ಹುಟ್ಟೇ ಇರದ ಹುಡುಗರೂ
ಸಕ್ಕರೆ ಡಬ್ಬಿಯನ್ನು ಗೋಲ್‌ಕೀಪರ್ ಮಾಡಿ
ಬೆರಳಲ್ಲಿ ಓಡಿ ತೋರಿಸುತ್ತಾರೆ:
ಇಲ್ಲಿ ತಿರುಗಿದ, ಇಬ್ಬರು ಬಿದ್ದರು, ಮೂರನೆಯವನು ನೋಡುತ್ತ ನಿಂತ.
ಆಮೇಲೆ ಫ್ರಾನ್ಸಿನ ಒಂದು ಕ್ಲಬ್ಬು, ಒಂದೂವರೆ ವರ್ಷ, ಮೊಣಕಾಲು,
ಫಾಸ್ಫೇಟ್ ಕಾರ್ಖಾನೆಯ ಗೇಟಿನಲ್ಲಿ ಹಾಜರಿ ಪುಸ್ತಕ, ಪಿಂಚಣಿ.
ಅದನ್ನು ಯಾರೂ ಬೆರಳಲ್ಲಿ ತೋರಿಸುವುದಿಲ್ಲ.

ಹೋದ ದಾಳಿಂಬೆ ಕಾಲದಿಂದ ಅವನು ಕೇಳತೊಡಗಿದ್ದಾನೆ.
ಅಂಗಡಿ ಖಾಲಿಯಾಗುವವರೆಗೆ ಕಾದು, ದನಿ ತಗ್ಗಿಸಿ:
"ಹೇಗಿತ್ತೋ ಅದು, ಫರ್ಜಾನಿ? ನೀನಿದ್ದೆಯಲ್ಲ."
ವೈದ್ಯರು ಅದಕ್ಕೊಂದು ಹೆಸರು ಕೊಟ್ಟಿದ್ದಾರೆ.
ಹೆಸರನ್ನೂ ಮರೆತಿದ್ದಾನೆ.
ನಾನು ಹೇಳುತ್ತೇನೆ. ತಿರುಗಿದೆ, ಇಬ್ಬರು ಬಿದ್ದರು.
ಬೇರೆ ಯಾರದೋ ಮದುವೆಯ ಸುದ್ದಿ ಕೇಳುವವನಂತೆ
ತಲೆಯಾಡಿಸುತ್ತಾನೆ.
ಮರುದಿನ ಮತ್ತೆ.

ನಿನ್ನೆ ನನಗೇನಾಯಿತೋ.
ಕಾರ್ಖಾನೆಯ ಹೊಗೆ ಓಣಿಗೆ ಇಳಿದಿತ್ತು, ಗಂಟಲು ಕೆರೆಯುತ್ತಿತ್ತು,
ಸುಳ್ಳು ಮೇಲೆ ಬರಲಿಲ್ಲ.
"ಜಿಲಾನಿ, ನಾನು ನೋಡಲಿಲ್ಲ" ಅಂದೆ.
"ನನಗೆ ಹನ್ನೊಂದು ವರ್ಷ. ಬೀಜ ಮಾರುತ್ತಿದ್ದೆ.
ಯಾರದೋ ಮೊಣಕೈ ತಾಗಿ ಬುಟ್ಟಿ ಮಗುಚಿ
ಮೆಟ್ಟಿಲ ಸಂದಿಯಲ್ಲಿ ಬಗ್ಗಿ
ಸೂರ್ಯಕಾಂತಿ ಬೀಜ ಹೆಕ್ಕುತ್ತಿದ್ದೆ.
ಕಂಡದ್ದು ಪಾದಗಳು.
ಪ್ಲಾಸ್ಟಿಕ್ ಚಪ್ಪಲಿ, ಬಾಯಿಬಿಟ್ಟ ಬೂಟು, ಮೀನುಗಾರರ ಬರಿಗಾಲು,
ಯಾವನೋ ಸಾಹೇಬನ ಹೊಳೆಯುವ ಪಾಲಿಶು.
ಒಮ್ಮೆಲೇ ಎಲ್ಲ ನೆಲ ಬಿಟ್ಟವು.
ಒಂದು ಚಣ ನನ್ನ ಬೀಜಗಳ ಮೇಲೆ
ಯಾರ ಕಾಲೂ ಇರಲಿಲ್ಲ.
ಸದ್ದು ಆಮೇಲೆ ಬಂತು."

ಬಹಳ ಹೊತ್ತು ಸುಮ್ಮನಿದ್ದ.
"ಆಮೇಲೆ?"
"ಆಮೇಲೆ ಎಲ್ಲರೂ ಬೀಜದ ಮೇಲೇ ಇಳಿದರು.
ಪುಡಿ. ಮನೆಯಲ್ಲಿ ಏಟು."
ನಕ್ಕ, ಕಿತ್ತ ಹಲ್ಲಿನ ಜಾಗ ಕಾಣುವ ಹಾಗೆ.
ಬುಟ್ಟಿಗೆ ಎಷ್ಟಾಗಿತ್ತು, ಅಂತ ಕೇಳಿದ.
ಹೇಳಿದೆ.
ಜೇಬು ತಡವಿ, ಒಂದೊಂದೇ ನಾಣ್ಯ, ಎರಡು ಸಲ ಎಣಿಸಿ,
ತಟ್ಟೆಯ ಪಕ್ಕ ಇಟ್ಟ.

ಊರಲ್ಲಿ ಹೇಳಬೇಡಿ. ತಗೊಂಡೆ.