ಚೀಲದ ಮೇಲಿನ ಎರಡು ಕೈ

ಪೊನ್ನಂಪೇಟೆಯ ಗೋದಾಮಿನಲ್ಲಿ
ಹನ್ನೊಂದು ವರ್ಷ ಚೀಲ ಎಣಿಸಿದವನು ನಾನು.
ಈಗ ನೀವು ಬಂದು ಕೇಳುತ್ತೀರಿ, ತಾಯಿ,
ಅನ್ನದ ನೆರವನ್ನು ತಿದ್ದಬೇಕಂತೆ ಅಲ್ಲಿಯ ಸರ್ಕಾರ,
ಹಳಬರ ಅನುಭವ ಬೇಕಂತೆ,
ಫಾರಮ್ಮಿನಲ್ಲಿ ನಾಲ್ಕು ಗೆರೆ ಜಾಗ ಬಿಟ್ಟಿದ್ದಾರೆ.

ಸಾಲದು. ಕಾಫಿ ಆರುತ್ತದೆ, ಮೊದಲು ಕುಡಿಯಿರಿ.

ಗೋಧಿನುಚ್ಚು ಹಡಗು ಹತ್ತಿ ಬರುತ್ತಿತ್ತು.
ಮಂಗಳೂರಲ್ಲಿ ಇಳಿದು, ಸಂಪಾಜೆ ಘಾಟಿಯಲ್ಲಿ ಲಾರಿ ಕೆಟ್ಟು,
ಮಡಿಕೇರಿಯಲ್ಲೊಂದು ಸಹಿಗೆ ಕಾದು
ನನ್ನ ಬಾಗಿಲಿಗೆ ಮುಟ್ಟುವಾಗ ಐದು ತಿಂಗಳು.
ಜೂನಿನ ಹಸಿವಿಗೆ ನವೆಂಬರಿನ ಊಟ.
ಚೀಲ ಬಿಚ್ಚಿದರೆ ಹುಳಗಳೇ ಮೊದಲು ಹೊರಬಂದು
ನನ್ನನ್ನು ವಿಚಾರಿಸಿಕೊಳ್ಳುತ್ತಿದ್ದವು.
ನಾನು ಬರೆಯುತ್ತಿದ್ದೆ: ಸುಸ್ಥಿತಿಯಲ್ಲಿ ತಲುಪಿದೆ.

ಗೋದಾಮಿನ ಹಿಂಗೋಡೆಗೆ ತಾಗಿ ಮಾಚಯ್ಯನ ಗದ್ದೆ.
ಪುತ್ತರಿಯ ಕದಿರು ತೆಗೆದು, ಕೊಯ್ಲು ಮುಗಿದು,
ಪತ್ತಾಯ ತುಂಬಿ ಮಿಕ್ಕ ಎಪ್ಪತ್ತು ಬಟ್ಟಿ ಭತ್ತ
ಕೊಳ್ಳುವವರಿಲ್ಲದೆ ಅಂಗಳದಲ್ಲಿ ಬಿದ್ದಿತ್ತು.
"ನಿಮ್ಮ ಮಕ್ಕಳಿಗೆ ಇದಾಗುವುದಿಲ್ಲವೋ?" ಎಂದ.
ನಾನು ನಿಯಮ ತೆಗೆದು ಓದಿದೆ:
ಧಾನ್ಯ ಕೊಡುವವರ ಹೊಲದ್ದೇ ಆಗಬೇಕು,
ಬಾಡಿಗೆ ಕೊಡುವವರ ಹಡಗಿಗೇ ಸಲ್ಲಬೇಕು.
ಮಾಚಯ್ಯ ಮೀಸೆಯಡಿ ನಕ್ಕ:
"ಹಾಗಾದರೆ ಬಾಯಿ ಮಾತ್ರ ನಮ್ಮದು."
ಭತ್ತ ಕುಟ್ಟ ದಾಟಿ ಮಾನಂದವಾಡಿಯ ಸಾಬರಿಗೆ
ಅರ್ಧ ಬೆಲೆಗೆ ಹೋಯಿತು.

ತಿತಿಮತಿಯ ಹಾಡಿ ಶಾಲೆಯಲ್ಲಿ ಬೇಯಿಸುತ್ತಿದ್ದವಳು ಬೊಳ್ಳಿ.
ಎಷ್ಟು ನೀರು, ಎಷ್ಟು ಹೊತ್ತು, ಎಲ್ಲ ಚೀಲದ ಮೇಲಿತ್ತು,
ಇಂಗ್ಲಿಷಿನಲ್ಲಿ.
ಮೊದಲ ತಿಂಗಳು ಪೋಸ್ಟರು ಅಂಟಿಸುವ ಗೋಂದು.
ಆಮೇಲೆ ಕಾಡಿನ ಸೊಪ್ಪು ತಂದಳು, ಕಾಂತಾರಿ ಮೆಣಸು ಜಜ್ಜಿದಳು,
ಮಕ್ಕಳು ತಟ್ಟೆ ನೆಕ್ಕಿದವು.
ಪಟ್ಟಿಯಲ್ಲಿಲ್ಲದ ವಸ್ತು ಎಂದು ಇನ್‌ಸ್ಪೆಕ್ಟರು ಬೈದರು.
ಮೊದಲ ತಿದ್ದುಪಡಿ ಅದೇ, ತಾಯಿ.
ಯಾವ ಕಡತದಲ್ಲೂ ಇಲ್ಲ.

ಆದರೆ ನಿಲ್ಲಿಸಿ ಎಂದು ಬರೆಯಬೇಡಿ, ನನ್ನಾಣೆ.
ಕಾಲು ಕಡ್ಡಿಯಾಗಿದ್ದ ಕರಿಯನ ಮಗಳು
ಆ ಉಪ್ಪಿಟ್ಟು ತಿಂದೇ ಹಲಸಿನ ಮರ ಹತ್ತುವಷ್ಟಾದಳು.
ಹುಳ ಆರಿಸಿ ತಿಂದಳು, ನಾನು ನೋಡಿದ್ದೇನೆ.
ಹತ್ತಿರದಲ್ಲೇ ಕೊಳ್ಳಲಿ ಎಂದು ಬರೆದುಕೊಳ್ಳಿ.
ಒಲೆಯ ಮುಂದೆ ಕೂತವಳನ್ನು ಮೊದಲು ಕೇಳಲಿ,
ನನ್ನಂಥವನ ಸಹಿಯನ್ನು ಕೊನೆಗೆ ನಂಬಲಿ.

ಇನ್ನೊಂದು. ಚೀಲದ ಮೇಲೆ ಕೈ ಕುಲುಕುವ ಚಿತ್ರವಿತ್ತು.
ಬೊಳ್ಳಿ ಅದನ್ನು ಬೆರಳಲ್ಲಿ ಸವರಿ ಕೇಳಿದ್ದಳು:
"ಇದರಲ್ಲಿ ನಮ್ಮ ಕೈ ಯಾವುದು, ಅಯ್ಯಾ?"
ಎರಡಕ್ಕೂ ಒಂದೇ ಇಸ್ತ್ರಿಯ ತೋಳು.
ಒಂದರ ಉಗುರಲ್ಲೂ ಮಣ್ಣಿಲ್ಲ.
ಇವತ್ತಿಗೂ ನನಗೆ ಗೊತ್ತಿಲ್ಲ.

ಆ ಚೀಲ ಕತ್ತರಿಸಿ ಮಗನಿಗೆ ಚಡ್ಡಿ ಹೊಲಿದಳು.
ಹೊಲಿಗೆ ಸರಿಯಾಗಿ ಕೈಗಳ ನಡುವೆ ಬಿತ್ತು.
ಹುಡುಗ ಮುಂದೆ ಮುಂದೆ ನಡೆದರೆ
ಒಂದು ಹೆಜ್ಜೆಗೆ ಕೈ ಸೇರುತ್ತಿದ್ದವು,
ಇನ್ನೊಂದಕ್ಕೆ ಬಿಡುತ್ತಿದ್ದವು.